ಕಂದಾಯವೂ ಮನಸ್ಸಾಕ್ಷಿಯೂ

ಓದತಕ್ಕ ಭಾಗಗಳು: ರೋಮಾಪುರದವರಿಗೆ ಬರೆದ ಪತ್ರಿಕೆ, ೧೩ನೆಯ ಅಧ್ಯಾಯ, ೧ರಿಂದ ೭, ಲೂಕನ ಸುವಾರ್ತೆ, ೧೯ನೆಯ ಅಧ್ಯಾಯ, ೧ರಿಂದ ೧೦.



ದೇವಾಲಯದಲ್ಲಿ ಪ್ರಾರ್ಥನೆಯನ್ನು ಕುರಿತು ಪ್ರಸಂಗ ಮಾಡಿದರೆ ಸಭೆಯವರು ತಲೆದೂಗುವರು. ಕುಡಿತವನ್ನು ಕುರಿತು ಮಾಡಿದರೆ ಕೆಲವರು ತಲೆ ತಗ್ಗಿಸುವರು. ಕಂದಾಯವನ್ನು ಕುರಿತು ಮಾಡಿದರೆ ಮಾತ್ರ ಎಲ್ಲರ ಕಣ್ಣುಗಳೂ ಬಾಗಿಲ ಕಡೆಗೆ ತಿರುಗುವವು. "ಇದು ತಾಲ್ಲೂಕು ಕಚೇರಿಯ ಮಾತು, ಉಪದೇಶಿಗಳಿಗೆ ಇದರಲ್ಲೇನು ಕೆಲಸ?" ಎಂದು ಹಿರಿಯರು ಕೇಳುವದುಂಟು. ಕೆಲಸ ಉಂಟು. ನಮ್ಮ ಕರ್ತನ ಹನ್ನೆರಡು ಮಂದಿ ಶಿಷ್ಯರಲ್ಲಿ ಒಬ್ಬನು ಸುಂಕದ ಕಟ್ಟೆಯಿಂದ ಎದ್ದು ಬಂದವನು. ಮೊದಲನೆಯ ಸುವಾರ್ತೆಗೆ ಅವನ ಹೆಸರೇ ಇದೆ. ಕರ್ತನನ್ನು ಮಾತಿನಲ್ಲಿ ಸಿಕ್ಕಿಸಬೇಕೆಂದು ಬಂದವರು ತಂದ ಪ್ರಶ್ನೆಯೂ ತೆರಿಗೆಯದೇ. ಆದಕಾರಣ ಕಂದಾಯದ ಮಾತು ವೇದಕ್ಕೆ ಹೊರಗಿನದೆಂದು ಯಾರೂ ಎಣಿಸಬಾರದು.

ಅಪೊಸ್ತಲನಾದ ಪೌಲನು ರೋಮಾಪುರದ ಸಭೆಗೆ ಬರೆಯುವಾಗ, ಅಧಿಕಾರಿಗಳಿಗೆ ತೆರಿಗೆ ಸುಂಕಗಳನ್ನು ಸಲ್ಲಿಸುವದಕ್ಕೆ ಎರಡು ಕಾರಣಗಳನ್ನು ತೋರಿಸುತ್ತಾನೆ. ಒಂದು ದಂಡನೆಯ ಭಯ, ಇನ್ನೊಂದು ಮನಸ್ಸಾಕ್ಷಿ. ಅವನು ಭಯವನ್ನು ಅಲ್ಲಗಳೆಯುವದಿಲ್ಲ. ಆದರೆ ಅದೊಂದೇ ಸಾಲದೆಂದು ಬಲ್ಲನು. ಈ ಎರಡರ ನಡುವೆ ಎಷ್ಟು ದೂರವಿದೆ ಎಂಬದನ್ನು ಹೆಚ್ಚಾಗಿ ನಮ್ಮ ಸೀಮೆಯ ಸಂಗತಿಗಳಿಂದಲೇ ನೋಡೋಣ.

ಹಿಂದಿನ ಕಾಲದಲ್ಲಿ ಕಣದಲ್ಲಿ ರಾಗಿಯ ರಾಶಿ ತೂರಿ ಮುಗಿದ ಮೇಲೆ, ರೈತನು ಧಾನ್ಯವನ್ನು ಮನೆಗೆ ಹೊರುವದಕ್ಕೆ ಮುಂಚೆ ಆಯಗಾರರ ಪಾಲನ್ನು ಅಳೆದು ಕೊಡುತ್ತಿದ್ದನು. ತಳವಾರ, ತೋಟಿ, ಕಮ್ಮಾರ, ಬಡಗಿ, ಅಗಸ, ಕೆರೆಯ ತೂಬನ್ನೆತ್ತಿ ಗದ್ದೆಗದ್ದೆಗೆ ನೀರು ಹಂಚುವ ನೀರುಗಂಟಿ, ಇವರೆಲ್ಲ ಕಣದ ಅಂಚಿನಲ್ಲಿ ಕಾದು ನಿಂತಿರುತ್ತಿದ್ದರು. ರಾಶಿ ಎಷ್ಟೆಂಬದು ಎಲ್ಲರ ಕಣ್ಣಿಗೂ ಕಾಣುತ್ತಿತ್ತು. ಹತ್ತು ಪಲ್ಲವನ್ನು ಐದೆಂದು ಹೇಳುವ ಹಾಗಿರಲಿಲ್ಲ. ಆ ಏರ್ಪಾಟನ್ನು ನಾನು ಹೊಗಳುತ್ತಿಲ್ಲ. ತೋಟಿಯ ಮನೆಯವರು ಆ ಅಂಚಿನಲ್ಲಿ ಹೇಗೆ ನಿಲ್ಲಬೇಕಾಗಿತ್ತೆಂಬದನ್ನು ನಮ್ಮ ಸಭೆಗಳಲ್ಲಿ ಅನೇಕರ ಅಜ್ಜಂದಿರು ಅನುಭವಿಸಿ ಬಲ್ಲವರಾಗಿದ್ದರು. ೧೯೬೧ರ ಶಾಸನದಿಂದ ವಂಶಪಾರಂಪರ್ಯದ ಗ್ರಾಮದ ಹುದ್ದೆಗಳು ರದ್ದಾದದ್ದು ಒಳ್ಳೇದೇ ಆಯಿತು. ಆದರೆ ಒಂದು ಸಂಗತಿ ಗಮನಿಸತಕ್ಕದ್ದು. ಆ ಕಣದಲ್ಲಿ ರೈತನು ಪಾಲು ತಪ್ಪಿಸದೆ ಇದ್ದದ್ದು ಭಕ್ತಿಯಿಂದಲ್ಲ, ನೋಡುವವರು ಇದ್ದದರಿಂದ.

ಈ ಕಾಲದ ವಿದ್ವಾಂಸರು ಇದನ್ನೇ ಅಳೆದು ನೋಡಿದ್ದಾರೆ. ಡೆನ್ಮಾರ್ಕ್ ದೇಶದಲ್ಲಿ ೪೦,೦೦೦ಕ್ಕೆ ಮೇಲ್ಪಟ್ಟು ಮಂದಿಯ ಆದಾಯ ತೆರಿಗೆಯ ಲೆಕ್ಕಗಳನ್ನು ಪರೀಕ್ಷಿಸಿ ೨೦೧೧ರಲ್ಲಿ ಪ್ರಕಟಿಸಿದ ಒಂದು ಸಂಶೋಧನೆಯಲ್ಲಿ ಕಂಡುಬಂದದ್ದೇನಂದರೆ: ಸಂಬಳ ಕೊಡುವವನೋ ಬ್ಯಾಂಕಿನವನೋ ಮೊದಲೇ ಸರಕಾರಕ್ಕೆ ತಿಳಿಸಿದ ಆದಾಯದಲ್ಲಿ ಮುಚ್ಚುಮರೆ ಇಲ್ಲವೆನ್ನುವಷ್ಟು ಕಡಿಮೆ, ಮನುಷ್ಯನು ತಾನೇ ಬರೆದು ತಿಳಿಸಬೇಕಾದ ಆದಾಯದಲ್ಲಿ ಮುಚ್ಚುಮರೆ ಬಹಳ. ಒಂದೇ ದೇಶದ ಜನ, ಒಂದೇ ಕಾನೂನು. ಭೇದವೆಲ್ಲ ಮತ್ತೊಬ್ಬರಿಗೆ ತಿಳಿದಿದೆಯೋ ಇಲ್ಲವೋ ಎಂಬದರಲ್ಲಿಯೇ ಇತ್ತು. ಪ್ರಾಮಾಣಿಕನೆಂದು ಹೆಸರು ಪಡೆದವನ ಪ್ರಾಮಾಣಿಕತೆಯಲ್ಲಿ ಎಷ್ಟು ಪಾಲು ಅವನದು, ಎಷ್ಟು ಪಾಲು ಅವನನ್ನು ನೋಡುವ ಕಣ್ಣಿನದು ಎಂಬದು ವಿಚಾರಿಸತಕ್ಕ ವಿಷಯವಲ್ಲವೋ?

ನಮ್ಮಲ್ಲಿ ಶಿಕ್ಷಕರೂ ದಾದಿಯರೂ ಉಂಟು. ಇವರ ಸಂಬಳದಿಂದ ತೆರಿಗೆಯನ್ನು ಮುಂಚಿತವಾಗಿಯೇ ಹಿಡಿದುಕೊಳ್ಳುತ್ತಾರೆ. ಆದ್ದರಿಂದ ಇವರಿಗೆ ಶೋಧನೆ ಕಡಿಮೆ. ಆದರೆ ಸಂಜೆಯ ಮನೆಪಾಠದ ಹಣ ಎಲ್ಲಿ ಬರೆಯಲ್ಪಡುತ್ತದೆ ಎಂದು ಶಿಕ್ಷಕನು ತನ್ನನ್ನೇ ಕೇಳಿಕೊಳ್ಳಲಿ. ರೈತರ ಬೇಸಾಯದ ಆದಾಯಕ್ಕೆ ಕೇಂದ್ರ ಸರಕಾರದ ಆದಾಯ ತೆರಿಗೆ ಇಲ್ಲ. ಟೊಮೇಟೊ ಬೆಳೆದು ಕೋಲಾರದ ಮಂಡಿಗೆ ಹಾಕಿದವನು ಒಂದು ವರುಷ ಲಕ್ಷಗಳನ್ನು ಕಂಡು ಮರುವರುಷ ಹಣ್ಣನ್ನು ರಸ್ತೆಗೆ ಸುರಿಯುವದನ್ನು ನೋಡಿದವರು ಆ ವಿನಾಯಿತಿಯನ್ನು ಹೊಟ್ಟೆಕಿಚ್ಚಿನಿಂದ ನೋಡರು. ಸಾಮಾನ್ಯ ಆದಾಯಕ್ಕೂ ೨೦೨೫ರ ಆಯವ್ಯಯದ ತರುವಾಯ ಹೊಸ ಕ್ರಮದಲ್ಲಿ ವರುಷಕ್ಕೆ ೧೨ ಲಕ್ಷ ರೂಪಾಯಿಯ ವರೆಗೆ ತೆರಿಗೆ ಇಲ್ಲ. ಕೊಡಬೇಕಾಗಿಲ್ಲದವನು ಕೊಡದಿದ್ದರೆ ಅವನು ಕಳ್ಳನಲ್ಲ. ಬಡವರ ಮನಸ್ಸಿನಲ್ಲಿ ಇಲ್ಲದ ಅಪರಾಧವನ್ನು ಹುಟ್ಟಿಸುವದು ಉಪದೇಶವಲ್ಲ. ಆದರೆ ಕಟ್ಟಡದ ಗುತ್ತಿಗೆಯಲ್ಲಿ ಗಳಿಸಿದ್ದನ್ನು ಎರಡು ಎಕರೆ ಹೊಲದ ಟೊಮೇಟೊ ಹಣವೆಂದು ಬರೆಸುವವನಿದ್ದಾನಲ್ಲಾ, ಅವನು ರೈತನ ಕಂಬಳಿಯನ್ನು ಕದ್ದು ಹೊದ್ದುಕೊಂಡವನು. ಇಂಥವರು ಹೆಚ್ಚಾದರೆ ಒಂದು ದಿನ ಆ ಕಂಬಳಿ ನಿಜವಾದ ರೈತನ ಮೈಮೇಲಿಂದಲೂ ಹೋಗುವದು.

ಭಯವೊಂದೇ ಗುರುವಾದರೆ ಏನಾಗುವದೆಂಬದಕ್ಕೆ ದೂರ ಹೋಗಬೇಕಾಗಿಲ್ಲ. ೨೦೨೫ರ ಜುಲೈ ತಿಂಗಳಲ್ಲಿ ನಮ್ಮ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯವರು, ಫೋನಿನ ಮೂಲಕ ಪಡೆದ ಹಣದ ಲೆಕ್ಕವನ್ನು ನೋಡಿ ಅನೇಕ ಚಿಕ್ಕ ವ್ಯಾಪಾರಿಗಳಿಗೆ ಜಿಎಸ್‌ಟಿಯ ನೋಟೀಸು ಕಳುಹಿಸಿದರು. ಕೂಡಲೇ ಬೆಂಗಳೂರಿನ ಅಂಗಡಿಗಳಲ್ಲಿ ಫೋನಿನ ಹಣದ ಚೀಟಿಗಳನ್ನು ಕಿತ್ತು, ರೊಕ್ಕ ಮಾತ್ರ ಕೊಡಿರಿ ಎಂಬ ಹಲಗೆಗಳನ್ನು ತೂಗಹಾಕಿದರು. ಹಾಲಿಗೂ ಹಸಿ ತರಕಾರಿಗೂ ಆ ತೆರಿಗೆಯೇ ಇಲ್ಲವೆಂದು ತಿಳಿಯದೆ ತರಕಾರಿ ಮಾರುವವರೂ ಹೆದರಿದರು. ಕೆಲವು ದಿನಗಳಲ್ಲಿ ಸರಕಾರವು, ವಿನಾಯಿತಿಯುಳ್ಳ ಪದಾರ್ಥ ಮಾರುವವರಿಂದ ತೆರಿಗೆ ಕೇಳುವದಿಲ್ಲವೆಂದೂ, ನೋಂದಾಯಿಸಿಕೊಂಡವರಿಂದ ಹಳೆಯ ಬಾಕಿಯನ್ನು ಒತ್ತಾಯಿಸುವದಿಲ್ಲವೆಂದೂ ಸಮಾಧಾನ ಹೇಳಬೇಕಾಯಿತು. ಇದರಲ್ಲಿ ವ್ಯಾಪಾರಿಗಳೆಲ್ಲ ಮೋಸಗಾರರೆಂದು ನಾನು ಹೇಳೆನು. ಆದರೆ ಕಣ್ಣು ಎಲ್ಲಿ ಬಿತ್ತೋ ಅಲ್ಲಿಂದ ಹಣವು ಕತ್ತಲೆಗೆ ಓಡಿತು. ಭಯವು ಮನುಷ್ಯನನ್ನು ನೆಟ್ಟಗೆ ಮಾಡುವದಕ್ಕಿಂತ ಮುಂಚೆ ಅವನಿಗೆ ಅಡಗಿಕೊಳ್ಳುವದನ್ನು ಕಲಿಸುತ್ತದೆ.

ಇನ್ನು ಎಲ್ಲರ ಬಾಯಲ್ಲಿರುವ ಮಾತಿಗೆ ಬರೋಣ. "ಮೇಲಿನವರು ನುಂಗುವಾಗ ನಾವು ಯಾಕೆ ಕೊಡಬೇಕು?" ಈ ಮಾತನ್ನು ಬಾಯಿ ಮುಚ್ಚಿಸಿ ಗೆಲ್ಲಬಾರದು. ವೇದವೂ ಹಾಗೆ ಮಾಡುವದಿಲ್ಲ. ಸೊಲೊಮೋನನ ಮಗನಾದ ರೆಹಬ್ಬಾಮನ ಬಳಿಗೆ ಶೆಕೆಮಿನಲ್ಲಿ ಇಸ್ರಾಯೇಲ್ಯರು ಬಂದು, ತಂದೆಯು ಹೊರಿಸಿದ ನೊಗವನ್ನು ಹಗುರ ಮಾಡಿದರೆ ಸೇವಿಸುತ್ತೇವೆಂದು ಬೇಡಿಕೊಂಡರು. ಅವನು ಹಿರಿಯರ ಆಲೋಚನೆಯನ್ನು ತಳ್ಳಿ, ಜೊತೆಯಲ್ಲಿ ಬೆಳೆದ ಯೌವನಸ್ಥರ ಮಾತು ಕೇಳಿ, ಇನ್ನೂ ಭಾರ ಮಾಡುತ್ತೇನೆಂದನು. ಹತ್ತು ಕುಲಗಳು ಕೈಬಿಟ್ಟು ಹೋದವು. ಬಿಟ್ಟಿ ಕೆಲಸದ ಅಧಿಕಾರಿಯನ್ನು ಜನರು ಕಲ್ಲೆಸೆದು ಕೊಂದರು. ಅರಸನೇ ರಥ ಹತ್ತಿ ಓಡಬೇಕಾಯಿತು.

ನಮ್ಮ ಮೈಸೂರು ಸೀಮೆಯಲ್ಲಿಯೂ ಇಂಥದೇ ನಡೆಯಿತು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಶರ್ತಿ ಎಂಬ ಪದ್ಧತಿಯಿತ್ತು. ಇಷ್ಟು ಹಣ ಎತ್ತಿ ಕೊಡುತ್ತೇನೆಂದು ಅಮಲ್ದಾರನು ಕರಾರು ಬರೆದುಕೊಡಬೇಕು; ಕಡಿಮೆ ಬಂದರೆ ತನ್ನ ಕೈಯಿಂದ ತುಂಬಬೇಕು. ಹೀಗಿರಲಾಗಿ ಅವನು ಯಾರ ಕೈಯನ್ನು ಹಿಂಡಿದನೆಂದು ಹೇಳಬೇಕೇ? ೧೮೩೦ರಲ್ಲಿ ನಗರ ಸೀಮೆಯ ರೈತರು ದಂಗೆಯೆದ್ದರು. ೧೮೩೧ರಲ್ಲಿ ರಾಜ್ಯದ ಆಡಳಿತವು ಇಂಗ್ಲಿಷರ ಕೈಗೆ ಹೋಯಿತು. ೧೮೩೪ರಿಂದ ೧೮೬೧ರ ವರೆಗೆ ಕಮಿಷನರನಾಗಿದ್ದ ಮಾರ್ಕ್ ಕಬ್ಬನನು ೭೬೯ ಚಿಲ್ಲರೆ ತೆರಿಗೆಗಳನ್ನು ರದ್ದುಮಾಡಿದನು. ಅವು ಎಂಥವೆಂದು ಕೇಳಿರಿ. ಮದುವೆಯಾದರೆ ತೆರಿಗೆ, ಮಗು ಹುಟ್ಟಿದರೆ ತೆರಿಗೆ, ಅದಕ್ಕೆ ಹೆಸರಿಟ್ಟರೆ ತೆರಿಗೆ, ಅದರ ಚೌಲ ಮಾಡಿಸಿದರೆ ತೆರಿಗೆ. ಒಂದು ಊರಿನವರು ತೆರುತ್ತಿದ್ದ ಕಾರಣವೇನಂದರೆ, ಹಿಂದೆ ಎಂದೋ ಪಾಳೆಯಗಾರನ ಕುದುರೆ ತಪ್ಪಿಸಿಕೊಂಡಾಗ ಇವರ ಪೂರ್ವಿಕರು ಅದನ್ನು ಹುಡುಕಿ ಕೊಡಲಿಲ್ಲವಂತೆ! ನಗರದ ಒಂದು ಸ್ಥಳದಲ್ಲಿ ಕೈಗಳನ್ನು ಮೈಗೆ ಅಂಟಿಸಿಕೊಳ್ಳದೆ ನಡೆದವನೂ ತೆರಬೇಕಾಗಿತ್ತು. ಇಷ್ಟನ್ನೆಲ್ಲ ಬಿಟ್ಟುಕೊಟ್ಟ ಮೇಲೆ ಬೊಕ್ಕಸ ಬರಿದಾಯಿತೋ? ಇಲ್ಲ, ರಾಜ್ಯದ ಹುಟ್ಟುವಳಿ ಹೆಚ್ಚಿತು. ಇದರಿಂದ ತಿಳಿಯುವದೇನಂದರೆ, ಕೇಳುವದು ನ್ಯಾಯವಾದಷ್ಟೂ ಕೊಡುವವನ ಕೈ ಸಡಿಲವಾಗುವದು. ಆದ್ದರಿಂದ ಪೌಲನ ಮಾತನ್ನು ರೈತನಿಗೆ ಮಾತ್ರ ಓದಿ ಹೇಳಿ ಅಧಿಕಾರಿಗೆ ಓದದೆ ಬಿಡುವದು ವೇದಕ್ಕೆ ಮಾಡುವ ಅನ್ಯಾಯ. ಅಧಿಕಾರಿಯನ್ನು ಅವನು ದೇವರ ಸೇವಕನೆಂದು ಕರೆಯುತ್ತಾನೆ; ಸೇವಕನಿಗೆ ಯಜಮಾನನೊಬ್ಬನು ಇದ್ದಾನಲ್ಲವೇ.

ಅನ್ಯಾಯದ ತೆರಿಗೆಗೆ ವಿರೋಧವಾಗಿ ನಿಲ್ಲುವದಕ್ಕೂ ಒಂದು ದಾರಿಯುಂಟು. ಸ್ವಾತಂತ್ರ್ಯದ ಹೋರಾಟದಲ್ಲಿ, ೧೯೩೦ರಿಂದ ೧೯೩೨ರ ವರೆಗೆ, ಉತ್ತರ ಕನ್ನಡದ ಅಂಕೋಲೆ ಮತ್ತು ಸಿದ್ದಾಪುರದ ರೈತರು ಕರ ಕೊಡುವದಿಲ್ಲವೆಂದು ಬಹಿರಂಗವಾಗಿ ಹೇಳಿದರು. ಅವರ ಹೊಲಗಳು ಹೋದವು, ಪಾತ್ರೆ ಪದಾರ್ಥಗಳು ಜಪ್ತಿಯಾದವು. ಅವರು ಲೆಕ್ಕವನ್ನು ಮರೆಮಾಡಲಿಲ್ಲ, ಹೊಲವನ್ನು ನೆಂಟನ ಹೆಸರಿಗೆ ಬರೆಯಲಿಲ್ಲ. ಕೊಡುವದಿಲ್ಲವೆಂದು ಹೇಳಿ ನಷ್ಟವನ್ನು ತಲೆಯ ಮೇಲೆ ಹೊತ್ತರು. ಸರಕಾರ ಸರಿಯಿಲ್ಲವೆಂದು ಹೇಳಿ ಗುಟ್ಟಾಗಿ ತೆರಿಗೆ ತಪ್ಪಿಸುವವನು ಇವರ ಪಕ್ಕದಲ್ಲಿ ನಿಲ್ಲಲಾರನು. ಅವನು ವಿರೋಧಿಸುವದು ಅನ್ಯಾಯವನ್ನಲ್ಲ, ಖರ್ಚನ್ನು.

ನೆರೆಯವನ ನಡತೆಗೂ ಇದರಲ್ಲಿ ಬಲವಿದೆ. ಬ್ರಿಟನ್ ದೇಶದ ತೆರಿಗೆಯವರು ೨೦೧೧ರ ಸುಮಾರಿನಲ್ಲಿ ಬಾಕಿದಾರರಿಗೆ ಬರೆದ ಕಾಗದಗಳಲ್ಲಿ, ದೇಶದ ಹತ್ತು ಮಂದಿಯಲ್ಲಿ ಒಂಬತ್ತು ಮಂದಿ ಸಕಾಲದಲ್ಲಿ ಕೊಡುತ್ತಾರೆಂಬ ಸಂಗತಿಯನ್ನು ಸೇರಿಸಿದರು. ಕೊಡುವವರ ಸಂಖ್ಯೆ ಏರಿತು. ಬೆದರಿಕೆ ಹಾಕಲಿಲ್ಲ, ಎಲ್ಲರ ಸಂಗಡ ಇರಬೇಕೆಂಬ ಮನುಷ್ಯನ ಸ್ವಭಾವವನ್ನು ಮುಟ್ಟಿದರು. ನಮ್ಮ ಹಳ್ಳಿಗಳಲ್ಲಿಯೂ ಪಂಚಾಯಿತಿಯ ಮನೆ ಕಂದಾಯ ಕೇಳುವವನು ಬಂದಾಗ ಮೊದಲ ಮಾತು ಏನು? "ಆ ಬೀದಿಯವರು ಕೊಟ್ಟರೋ?" ಕೊಟ್ಟಿಲ್ಲವೆಂದರೆ ಬಾಗಿಲು ಮುಚ್ಚಿತು. ಹೀಗೆ ಈ ಬೀದಿಯವರು ಆ ಬೀದಿಯನ್ನು ನೋಡುತ್ತಾ, ಆ ಬೀದಿಯವರು ಈ ಬೀದಿಯನ್ನು ನೋಡುತ್ತಾ ಇರುವಾಗ ಕೊಳವೆಬಾವಿಯ ಪಂಪು ಸುಟ್ಟುಹೋಗುತ್ತದೆ. ಸಾವಿರ ಅಡಿಗೆ ಮೇಲೆ ಕೊರೆದರೂ ನೀರು ಕಾಣದ, ಕಂಡರೂ ಫ್ಲೋರೈಡ್ ಬೆರೆತಿರುವ ಈ ಸೀಮೆಯಲ್ಲಿ ಪಂಪು ಸುಡುವದೆಂದರೆ ಚಿಕ್ಕ ಸಂಗತಿಯಲ್ಲ. ೨೦೧೮ರಿಂದ ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೆ.ಸಿ. ವ್ಯಾಲಿಯ ಕೊಳವೆಗಳಿಂದ ನಮ್ಮ ಕೆರೆಗಳಿಗೆ ಬಿಡುತ್ತಿದ್ದಾರೆ. ಅದು ಸಾಕಷ್ಟು ಶುದ್ಧವೋ ಅಲ್ಲವೋ ಎಂಬ ತಕರಾರು ನಡೆದೇ ಇದೆ, ನಡೆಯಲಿ, ನಡೆಯಬೇಕಾದ್ದೇ. ಆದರೆ ಬತ್ತಿದ ಕೆರೆಗಳಲ್ಲಿ ನೀರು ನಿಂತದ್ದು ನಮಗೆ ಕಾಣದ ಎಷ್ಟೋ ಮಂದಿ ಕೊಟ್ಟ ತೆರಿಗೆಯಿಂದ ಎಂಬದನ್ನು ತಕರಾರಿನವರೂ ಒಪ್ಪುವರು.

ಕಣ್ಣಿನ ಭಯವೂ ನೆರೆಯವನ ಮಾದರಿಯೂ ಎರಡೂ ಇಲ್ಲದ ಸ್ಥಳವೊಂದುಂಟು. ಅಲ್ಲಿ ನಮ್ಮ ಸಭೆಗಳ ಮನೆಗಳು ಈಗ ಹೆಚ್ಚಾಗಿ ಎಡವುತ್ತಿವೆ. ಅದು ಭೂಮಿಯ ಕ್ರಯಪತ್ರ. ಮಾಲೂರು, ನರಸಾಪುರ, ವೇಮಗಲ್ಲುಗಳ ಕಡೆ ಕಾರ್ಖಾನೆಗಳು ಬಂದ ಮೇಲೆ, ಬೆಂಗಳೂರು ಚೆನ್ನೈ ಹೆದ್ದಾರಿಯು ಮಾಲೂರು ಬಂಗಾರಪೇಟೆಗಳ ಹೊಲಗಳನ್ನು ಸೀಳಿಕೊಂಡು ಹೋದ ಮೇಲೆ, ರಾಗಿ ಬೆಳೆಯುತ್ತಿದ್ದ ನೆಲಕ್ಕೆ ಯಾರೂ ಕನಸಿನಲ್ಲಿ ಕಾಣದ ಬೆಲೆ ಬಂದಿದೆ. ಒಬ್ಬನು ಅರ್ಧ ಎಕರೆ ಮಾರುತ್ತಾನೆಂದು ಇಟ್ಟುಕೊಳ್ಳಿರಿ. ಮಗಳ ಮದುವೆ ಇದೆ, ಆಸ್ಪತ್ರೆಯ ಸಾಲವಿದೆ. ಕೊಳ್ಳುವವನು ಒಂದು ಬೆಲೆಗೆ ಒಪ್ಪಿ, ಸರಕಾರದ ಮಾರ್ಗಸೂಚಿ ಬೆಲೆಯನ್ನು ಮಾತ್ರ ಪತ್ರದಲ್ಲಿ ಬರೆಸೋಣ, ಮಿಕ್ಕದ್ದನ್ನು ಚೀಲದಲ್ಲಿ ಕೊಡುತ್ತೇನೆ ಅನ್ನುತ್ತಾನೆ. ಹಾಗೆ ಬರೆಸಿದರೆ ಅವನಿಗೆ ಮುದ್ರಾಂಕದ ಹಣ ಉಳಿಯುವದು. ೨೦೨೫ರ ಆಗಸ್ಟ್ ೩೧ರಿಂದ ನೋಂದಣಿಯ ಶುಲ್ಕವೂ ನೂರಕ್ಕೆ ಒಂದರಿಂದ ಎರಡಕ್ಕೆ ಏರಿರುವದರಿಂದ ಆಶೆ ಇನ್ನೂ ಹೆಚ್ಚು. "ಎಲ್ಲರೂ ಹೀಗೇ ಮಾಡುವದು, ಒಪ್ಪದಿದ್ದರೆ ಬೇರೆ ಹೊಲ ನೋಡಿಕೊಳ್ಳುತ್ತೇನೆ" ಎಂದು ದಲ್ಲಾಳಿ ಕಿವಿಯಲ್ಲಿ ಊದುತ್ತಾನೆ. ಇದರಿಂದ ಯಾರಿಗೆ ನಷ್ಟ, ಸರಕಾರಕ್ಕಲ್ಲವೇ ಎಂದು ಮಾರುವವನು ಸಮಾಧಾನಪಡುತ್ತಾನೆ.

ಯಾರಿಗೆ ನಷ್ಟವೆಂದು ಹೇಳುತ್ತೇನೆ. ಭೂಸ್ವಾಧೀನದ ೨೦೧೩ರ ಕಾಯಿದೆಯ ಮೇರೆಗೆ ಸರಕಾರವು ರಸ್ತೆಗೋ ಮತ್ತೊಂದಕ್ಕೋ ಹೊಲ ತೆಗೆದುಕೊಳ್ಳುವಾಗ, ಆ ಸುತ್ತಿನಲ್ಲಿ ಹಿಂದಿನ ಮೂರು ವರುಷಗಳಲ್ಲಿ ನೋಂದಾಯಿತವಾದ ಕ್ರಯಪತ್ರಗಳ ಬೆಲೆಯನ್ನು ನೋಡುತ್ತಾರೆ. ಅವುಗಳಲ್ಲಿ ಹೆಚ್ಚಿನ ಬೆಲೆಯ ಅರ್ಧದಷ್ಟು ಪತ್ರಗಳ ಸರಾಸರಿಯನ್ನು ಮಾರ್ಗಸೂಚಿ ಬೆಲೆಗೆ ಹೋಲಿಸಿ, ಹೆಚ್ಚಿನದನ್ನು ಆಧಾರವಾಗಿ ಹಿಡಿಯುತ್ತಾರೆ. ಊರಿನವರೆಲ್ಲ ಸುಳ್ಳು ಬೆಲೆ ಬರೆಸಿದ್ದರೆ ಸರಾಸರಿಯೂ ಸುಳ್ಳೇ. ಪಕ್ಕದ ಹೊಲದ ವಿಧವೆಯು ಮಾರಲೂ ಇಲ್ಲ, ಚೀಲದ ಹಣ ನೋಡಲೂ ಇಲ್ಲ; ಅವಳ ಒಂದು ಎಕರೆ ಹೆದ್ದಾರಿಗೆ ಹೋದಾಗ ಅವಳ ಕೈಗೆ ಬರುವದು ನೆರೆಯವನ ಸುಳ್ಳಿನ ಅಳತೆಯ ಪರಿಹಾರ. ಅವಳು ನ್ಯಾಯಾಲಯಕ್ಕೆ ಹೋದರೂ, ನಿಜವಾದ ಬೆಲೆ ಇಷ್ಟೆಂದು ತೋರಿಸುವ ಒಂದು ಕಾಗದವೂ ಊರಿನಲ್ಲಿ ಸಿಕ್ಕದು.

ಅಪೊಸ್ತಲರ ಕೃತ್ಯಗಳ ಐದನೆಯ ಅಧ್ಯಾಯದಲ್ಲಿ ಅನನೀಯನೂ ಸಫೈರಳೂ ಮಾಡಿದ್ದು ಇದೇ. ಅವರು ಭೂಮಿಯನ್ನು ಮಾರಿದರು, ಮಾರಿದ್ದು ತಪ್ಪಲ್ಲ. ಹಣದಲ್ಲಿ ಪಾಲನ್ನು ಇಟ್ಟುಕೊಂಡರು. ಭೂಮಿ ಅವರದೇ, ಹಣವೂ ಅವರದೇ ಎಂದು ಪೇತ್ರನೇ ಒಪ್ಪುತ್ತಾನೆ. ಆದರೆ ಆತನು ಹೆಂಡತಿಯನ್ನು ಕೇಳಿದ ಪ್ರಶ್ನೆ ಬೆಲೆಯ ಪ್ರಶ್ನೆ, ಹೊಲವನ್ನು ಇಷ್ಟಕ್ಕೇ ಮಾರಿದಿರೋ ಎಂಬದು. ಇದನ್ನು ಸಬ್ ರಿಜಿಸ್ಟ್ರಾರ್ ಕಚೇರಿಯ ಮೆಟ್ಟಿಲ ಮೇಲೆ ನೆನಸಿಕೊಳ್ಳಿರಿ. ಗಂಡನು ಹೇಳಿದ ಅಂಕೆಯನ್ನೇ ಹೆಂಡತಿಯೂ ಹೇಳಿದಳೆಂಬದನ್ನು ಮನೆಯ ಯಜಮಾನಿಯರು ವಿಶೇಷವಾಗಿ ಗಮನಿಸಲಿ. ಎಷ್ಟೋ ಪತ್ರಗಳಿಗೆ ಅವರ ಹೆಬ್ಬೆಟ್ಟೂ ಬೀಳುತ್ತದೆ.

ನಿಜವಾದ ಬೆಲೆಯನ್ನು ಬರೆಸುವವನಿಗೆ ದೇವರು ಹೆಚ್ಚು ಬೆಲೆ ಕೊಡಿಸುವನೆಂದು ನಾನು ಹೇಳಲಾರೆನು. ಒಂದು ವೇಳೆ ಕಡಿಮೆಯೇ ಬಂದೀತು. ಕೊಳ್ಳುವವನು ಎದ್ದು ಹೋದಾನು. ಮದುವೆ ಮುಂದಕ್ಕೆ ಹೋದೀತು. ಇದನ್ನು ಮರೆಸಿ ಉಪದೇಶ ಮಾಡುವದು ದಲ್ಲಾಳಿಯ ಮಾತಿನಷ್ಟೇ ಸುಳ್ಳು. ಅಂಥವನ ಮನೆಗೆ ಸಭೆಯ ಹಿರಿಯರು ಹೋಗಿ, ಮದುವೆಯ ಖರ್ಚನ್ನು ಇಳಿಸುವದಕ್ಕೂ ಸಾಲಗಾರನ ಹತ್ತಿರ ಗಡುವು ಕೇಳುವದಕ್ಕೂ ಜೊತೆಯಲ್ಲಿ ನಿಂತರೆ ಅದು ಪ್ರಸಂಗಕ್ಕಿಂತ ಹೆಚ್ಚು ಉಪಯೋಗ.

ಜಕ್ಕಾಯನ ವಿಷಯವನ್ನು ನಾವು ಮಕ್ಕಳ ಪಾಠವೆಂದು ಬಿಟ್ಟಿದ್ದೇವೆ, ಕುಳ್ಳನು ಮರ ಹತ್ತಿದ ಕಥೆಯೆಂದು. ಅವನು ಯೆರಿಕೋವಿನಲ್ಲಿ ಸುಂಕದವರ ಮುಖ್ಯಸ್ಥನು. ಯಾರ ಹತ್ತಿರ ಎಷ್ಟು ಹೆಚ್ಚಿಗೆ ಕಿತ್ತುಕೊಂಡನೆಂಬದು ಅವನ ಹೊರತು ಯಾರಿಗೂ ಪೂರ್ತಿಯಾಗಿ ತಿಳಿಯದು. ಕರ್ತನು ಅವನ ಮನೆಯಲ್ಲಿ ಇಳುಕೊಂಡನೇ ಹೊರತು ಲೆಕ್ಕದ ಪುಸ್ತಕ ತಾ ಎಂದನೆಂದು ಲೂಕನು ಬರೆದಿಲ್ಲ. ಜಕ್ಕಾಯನು ತಾನಾಗಿ ಎದ್ದು ನಿಂತು, ಮೋಸದಿಂದ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ಹಿಂದಕ್ಕೆ ಕೊಡುತ್ತೇನೆಂದನು. ಮೋಶೆಯ ಧರ್ಮಶಾಸ್ತ್ರದಲ್ಲಿ ತಾನಾಗಿ ಅರಿಕೆ ಮಾಡಿದವನು ಮೂಲದ ಸಂಗಡ ಐದನೆಯ ಒಂದು ಪಾಲನ್ನು ಕೂಡಿಸಿ ಕೊಟ್ಟರೆ ಸಾಕು. ಕುರಿಯನ್ನು ಕದ್ದು ಕೊಂದವನು ಅಥವಾ ಮಾರಿದವನು ಮಾತ್ರ ನಾಲ್ಕು ಕೊಡಬೇಕು. ಯಾರೂ ಹಿಡಿಯದೆ ಇದ್ದಾಗ ಜಕ್ಕಾಯನು ಕಳ್ಳನ ದಂಡವನ್ನು ತನಗೆ ತಾನೇ ಹಾಕಿಕೊಂಡನು.

ನಮ್ಮ ದೇಶದ ಆದಾಯ ತೆರಿಗೆಯಲ್ಲಿಯೂ ಬರೆಯದೆ ಬಿಟ್ಟದ್ದನ್ನು ತಾನಾಗಿ ಬರೆದು ಸರಿಪಡಿಸುವದಕ್ಕೆ ೨೦೨೨ರಿಂದ ಒಂದು ಬಾಗಿಲು ತೆರೆದಿದೆ. ೨೦೨೫ರಲ್ಲಿ ಅದರ ಅವಧಿಯನ್ನು ನಾಲ್ಕು ವರುಷಕ್ಕೆ ಹೆಚ್ಚಿಸಿದರು. ಮೊದಲನೆಯ ವರುಷದಲ್ಲಿ ಸರಿಪಡಿಸಿದವನು ಬಾಕಿಯ ಮೇಲೆ ನೂರಕ್ಕೆ 25 ಹೆಚ್ಚಿಗೆ ಕೊಡಬೇಕು. ತಡವಾದಷ್ಟೂ ಏರುತ್ತಾ ನಾಲ್ಕನೆಯ ವರುಷಕ್ಕೆ ನೂರಕ್ಕೆ ೭೦. ಮೋಶೆಯ ಐದನೆಯ ಪಾಲಿಗಿಂತ ಭಾರವೇ ಸರಿ, ಜಕ್ಕಾಯನ ಅಳತೆಗಿಂತ ಬಹಳ ಹಗುರ. ಗುತ್ತಿಗೆಯಿಂದಲೋ ವ್ಯಾಪಾರದಿಂದಲೋ ಗಳಿಸಿ ನಿದ್ರೆ ಕೆಟ್ಟಿರುವ ಸಹೋದರರು ಲೆಕ್ಕ ಬಲ್ಲವರನ್ನು ಕಂಡು ವಿಚಾರಿಸಲಿ.

ನಮ್ಮ ಸಭೆಗಳ ಯೌವನಸ್ಥರಲ್ಲಿ ಕೆಲವರು ಪಂಚಾಯಿತಿಗಳಲ್ಲಿ ಬಿಲ್ ಕಲೆಕ್ಟರರಾಗಿಯೂ ಕಂದಾಯ ಇಲಾಖೆಯಲ್ಲಿಯೂ ಕೆಲಸ ಮಾಡುತ್ತಾರೆ. ಸ್ನಾನಿಕನಾದ ಯೋಹಾನನ ಬಳಿಗೆ ಸುಂಕದವರು ಬಂದು ಏನು ಮಾಡಬೇಕೆಂದು ಕೇಳಿದಾಗ ಅವನು ಕೆಲಸ ಬಿಡಿರೆನ್ನಲಿಲ್ಲ; ನೇಮಕವಾದದ್ದಕ್ಕಿಂತ ಹೆಚ್ಚು ತೆಗೆದುಕೊಳ್ಳಬೇಡಿರೆಂದನು. ರಸೀದಿ ಹರಿದು ಕೊಡದೆ ಹಣ ಪಡೆಯುವ ಪ್ರತಿಯೊಬ್ಬನೂ ಹತ್ತು ಮನೆಗಳ ಬಾಗಿಲನ್ನು ಮುಂದಿನ ವರುಷಕ್ಕೆ ಮುಚ್ಚಿಸಿ ಬರುತ್ತಾನೆ.

ಪೌಲನು ಆ ಪತ್ರಿಕೆಯನ್ನು ಬರೆದ ಕಾಲದಲ್ಲಿ ರೋಮಿನ ಅರಸನು ನೀರೋ. ಕ್ರಿಸ್ತಶಕ ೫೮ರಲ್ಲಿ ಸುಂಕದ ಗುತ್ತಿಗೆದಾರರ ಮೇಲೆ ಜನರ ಕೂಗು ಹೆಚ್ಚಾಗಲು, ಅದುವರೆಗೆ ಗುಟ್ಟಾಗಿದ್ದ ಒಂದೊಂದು ಸುಂಕದ ನಿಯಮಗಳನ್ನೂ ಬರೆದು ಎಲ್ಲರಿಗೂ ಕಾಣುವಂತೆ ಹಚ್ಚಬೇಕೆಂದು ಅವನು ಆಜ್ಞೆ ಮಾಡಿದನೆಂದು ರೋಮಿನ ಚರಿತ್ರಕಾರನಾದ ಟಾಸಿಟಸನು ತಿಳಿಸುತ್ತಾನೆ. ನೀರೋವಿನಂಥವನೂ ಒಮ್ಮೆ ಮಾಡಿದ ಒಳ್ಳೇ ಕೆಲಸ ಅದು. ನಮ್ಮಲ್ಲಿ ಅದಕ್ಕೆ ಸರಿಯಾದದ್ದು ಪಂಚಾಯಿತಿಯ ಜಮಾಬಂದಿ. ಹಿಂದೆ ಜಮಾಬಂದಿಯೆಂದರೆ ಅಧಿಕಾರಿಗಳು ಬಂದು ರೈತರ ಲೆಕ್ಕವನ್ನು ನೋಡುವದಾಗಿತ್ತು. ಈಗ ಪಂಚಾಯಿತಿಯ ಲೆಕ್ಕವನ್ನು ವರುಷಕ್ಕೊಮ್ಮೆ ಊರಿನವರ ಮುಂದೆ ಇಡುವದಕ್ಕೂ ಅದೇ ಹೆಸರು. ಅಲ್ಲಿಗೆ ಹೋಗುವವರು ಕೆಲವರೇ. ಈ ವರುಷ ನಮ್ಮ ಸಭೆಗಳವರು ಮನೆ ಕಂದಾಯ ಕಟ್ಟಿದ ರಸೀದಿಯನ್ನು ಕೈಯಲ್ಲಿ ಹಿಡಿದು ಅಲ್ಲಿಗೆ ಹೋಗಲಿ. ಪಂಪಿನ ರಿಪೇರಿ, ಬೀದಿದೀಪದ ಬಿಲ್ಲು, ನೀರು ಬಿಡುವವನ ಸಂಬಳ, ಈ ಮೂರು ಬಾಬುಗಳನ್ನು ಗಟ್ಟಿಯಾಗಿ ಓದಿಸಿ ಕೇಳಲಿ. ಸ್ತ್ರೀಯರ ಸಂಘದವರೂ ತಪ್ಪದೆ ಹೋಗಲಿ. ಬಿಂದಿಗೆ ಹೊರುವವರು ಅವರೇ.